ಊಟ ಬಲ್ಲವನ ಹೊಟ್ಟೆನೋವು

ನಮ್ಮ ಕಡೆ ಯಾರಾದರೂ ಹೊಟ್ಟೆ ನೋಯುತ್ತಿದೆ ಎಂದರೆ ಮೊದಲು ಬರುವ ಪ್ರಶ್ನೆ ‘ನಿನ್ನೆ ಎಂತ ತಿಂದಿದ್ದೆ?’ ಎಂಬುದು. ಕೇಳುವವರು ಅಮ್ಮನಾಗಿರಲಿ, ಪಕ್ಕದ ಮನೆಯವರಾಗಿರಲಿ, ಪೇಟೆಯ ಡಾಕ್ಟರಾಗಿರಲಿ, ಪ್ರಶ್ನೆ ಬದಲಾಗುವುದಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳುತ್ತ ಬೆಳೆದ ನಮಗೆ, ಹೊಟ್ಟೆಯ ರೋಗವೆಂದರೆ ಊಟದಲ್ಲಿ ಆದ ಯಾವುದೋ ತಪ್ಪಿನ ಫಲ. ತಪ್ಪು ಸಿಕ್ಕಿದರೆ ರೋಗವೂ ಸಿಕ್ಕಿದಂತೆ. ಮೂರು ವರ್ಷಗಳ ಹಿಂದೆ ನನ್ನ ಸೋದರಮಾವನಿಗೆ ಹೊಟ್ಟೆನೋವು ಬಂದಾಗ ನಾವೆಲ್ಲರೂ ಎರಡು ವಾರ ಈ ತಪ್ಪನ್ನೇ ಹುಡುಕಿದೆವು. ಹಾಗೆ ಹುಡುಕುತ್ತಿದ್ದಾಗ ಕಣ್ಣೆದುರಿಗೇ ಇದ್ದದ್ದನ್ನು ನಾನು ಹೇಗೆ ಕಾಣದೆ ಹೋದೆ ಎಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ.

ಮಾವ ಹೊಸನಗರದ ಕಡೆಯವರು. ಆಗ ಅವರಿಗೆ ಐವತ್ನಾಲ್ಕು ವರ್ಷ. ಎರಡು ಎಕರೆ ಅಡಿಕೆ ತೋಟವನ್ನು ತಾವೇ ನಿಂತು ನೋಡಿಕೊಳ್ಳುವ, ಹೊತ್ತಿಗೆ ಸರಿಯಾಗಿ ಉಣ್ಣುವ, ಮದುವೆಮನೆಯಲ್ಲಿ ಕೂಡ ಎರಡನೆಯ ಸಲ ಹೋಳಿಗೆ ಹಾಕಿಸಿಕೊಳ್ಳದ ಮನುಷ್ಯ. ಅಂಥವರಿಗೆ ಆಶ್ಲೇಷ ಮಳೆ ಹೊಯ್ಯುತ್ತಿದ್ದ ದಿನಗಳಲ್ಲಿ ಹೊಕ್ಕುಳಿನ ಸುತ್ತ ನುಲಿತ ಶುರುವಾಯಿತು. ಅದಕ್ಕೂ ಹತ್ತು ದಿನ ಮೊದಲು ಗಂಟಲುನೋವು, ಸಣ್ಣ ಜ್ವರ ಬಂದು ಹೋಗಿತ್ತು. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ನೆನೆದುಕೊಂಡು ನಿಂತವರಿಗೆ ಅಷ್ಟು ಬಾರದಿದ್ದರೇ ಆಶ್ಚರ್ಯ ಎಂದುಕೊಂಡು ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊಟ್ಟೆನೋವಿಗೆ ಮಾತ್ರ ಕಾರಣಗಳ ಸುರಿಮಳೆಯೇ ಆಯಿತು. ಅತ್ತೆ ಪತ್ರೊಡೆಯನ್ನು ದೂರಿದರು. ನನ್ನ ಅಮ್ಮ, ಕಳಲೆಯನ್ನು ಮೂರು ದಿನ ನೀರು ಬದಲಿಸಿ ನೆನೆಸಿರಲಿಕ್ಕಿಲ್ಲ ಎಂದರು; ಅದನ್ನು ಕೇಳಿದ ಅತ್ತೆಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಕೆಲಸಕ್ಕೆ ಬರುವವರೊಬ್ಬರು ಬಟ್ಟಿ ಜಾರಿರಬೇಕೆಂದು ಹೇಳಿ ಎಣ್ಣೆ ಹಚ್ಚಿ ತೀಡಿಸಿದರು. ಕೊಡಸನ ಹೂವಿನ ತಂಬುಳಿ, ಓಮದ ಕಷಾಯ, ಬರೀ ಗಂಜಿ, ಬರೀ ಮಜ್ಜಿಗೆ, ಎಲ್ಲವೂ ಆದವು. ಪೇಟೆಯ ಡಾಕ್ಟರು ಗ್ಯಾಸ್ಟ್ರಿಕ್ ಎಂದು ಹೇಳಿ ಆಮ್ಲ ತಗ್ಗಿಸುವ ಗುಳಿಗೆ ಕೊಟ್ಟರು.

ಈ ‘ಗ್ಯಾಸ್ಟ್ರಿಕ್’ ಎಂಬ ಪದದ ಬಗ್ಗೆ ನನಗೆ ಈಗ ಒಂದು ತಕರಾರಿದೆ. ಹೊಟ್ಟೆಯ ಸಂಕಟವನ್ನು ಹೇಳಲು ನಮ್ಮ ಭಾಷೆಯಲ್ಲಿ ಎಷ್ಟೊಂದು ಮಾತುಗಳಿದ್ದವು! ಉರಿಯುವುದು ಬೇರೆ, ನುಲಿಯುವುದು ಬೇರೆ. ಹಿಂಡುವುದು, ಕಿವುಚುವುದು, ಚುಚ್ಚುವುದು, ಹೊಟ್ಟೆ ಕಟ್ಟುವುದು, ತೊಳಸುವುದು, ಪ್ರತಿಯೊಂದೂ ಬೇರೆ. ಅಜ್ಜಿಯರು ಇವುಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುತ್ತಿರಲಿಲ್ಲ. ಗ್ಯಾಸ್ಟ್ರಿಕ್ ಎಂಬುದು ಬಂದು ಇವೆಲ್ಲವನ್ನೂ ನುಂಗಿಹಾಕಿತು. ಮಾವ ಮೊದಲ ದಿನ ನನಗೆ ಫೋನಿನಲ್ಲಿ ಹೇಳಿದ್ದು ‘ಉಂಡು ಅರ್ಧ ಗಂಟೆಗೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ, ಆಮೇಲೆ ಬಿಡುತ್ತದೆ’ ಎಂದು. ಎಷ್ಟು ಸ್ಪಷ್ಟವಾದ ವರ್ಣನೆ! ಡಾಕ್ಟರ ಮುಂದೆ ಕುಳಿತಾಗ ಅವರೇ ಅದನ್ನು ‘ಗ್ಯಾಸ್ಟ್ರಿಕ್ ಆಗಿದೆ ಡಾಕ್ಟ್ರೇ’ ಎಂಬುದಕ್ಕೆ ಇಳಿಸಿಬಿಟ್ಟರು. ಡಾಕ್ಟರೂ ಅದನ್ನೇ ಬರೆದುಕೊಂಡರು.

ಜಗಲಿಯ ಮೇಲೆ

ನೋವು ಶುರುವಾಗಿ ಒಂದು ವಾರದ ನಂತರದ ಭಾನುವಾರ ನಾನು ಶಿವಮೊಗ್ಗದಿಂದ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಸಂಜೆಯಾಗಿತ್ತು, ಮಳೆ ಸ್ವಲ್ಪ ಬಿಟ್ಟಿತ್ತು. ಮಾವ ತೋಟಕ್ಕೆ ಇಳಿದು ಬಂದು ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಒಂದು ವಾರದಲ್ಲಿ ಮುಖ ಒಣಗಿತ್ತು. ಊಟವನ್ನು ಬಹುಪಾಲು ಬಿಟ್ಟೇಬಿಟ್ಟಿದ್ದರು. ಹಸಿವಿಲ್ಲವೆಂದಲ್ಲ, ಉಣ್ಣಲು ಹೆದರಿಕೆ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕೊಂಡು ಕಾಲು ತೋರಿಸಿ, ‘ನೋಡು ಮಾರಾಯ, ಇದೆಂತದೋ ಎದ್ದಿದೆ’ ಎಂದರು. ಪಾದದ ಗಂಟಿನಿಂದ ಮೊಣಕಾಲಿನವರೆಗೆ ನೇರಳೆಗೆ ತಿರುಗಿದ ಕೆಂಪು ಚುಕ್ಕೆಗಳು, ಕೆಲವು ಸಾಸಿವೆಯಷ್ಟು, ಕೆಲವು ಮೆಂತೆಕಾಳಿಗಿಂತ ದೊಡ್ಡವು. ನಾನು ಬಗ್ಗಿ ನೋಡಿ, ಕೈ ಕೂಡ ತಾಗಿಸದೆ, ‘ಉಂಬಳ ಕಚ್ಚಿದ್ದು ಮಾವ, ತೋಟದಲ್ಲಿ ಈಗ ಅವುಗಳದೇ ರಾಜ್ಯವಲ್ಲವೇ’ ಎಂದೆ. ಅವರು, ‘ಹೌದಿರಬೇಕು’ ಎಂದು ಪಂಚೆ ಇಳಿಸಿದರು. ಮಾತು ಮತ್ತೆ ಹೊಟ್ಟೆಯ ಕಡೆಗೆ, ಅಲ್ಲಿಂದ ಕಳಲೆಯ ಕಡೆಗೆ ಹೋಯಿತು.

ಇಷ್ಟೇ ನಡೆದದ್ದು. ಆದರೆ ಹುಟ್ಟಿದಂದಿನಿಂದ ಉಂಬಳದ ನಡುವೆ ಬೆಳೆದವನು ನಾನು. ಉಂಬಳ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಮೂರು ಸೀಳಿನ ಪುಟ್ಟ ಗುರುತು ಉಳಿಯುತ್ತದೆ, ಮರುದಿನದಿಂದ ಕೆರೆದು ಕೆರೆದು ಸಾಕಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾವನ ಕಾಲಿನ ಚುಕ್ಕೆಗಳಲ್ಲಿ ಸೀಳಿರಲಿಲ್ಲ. ಅವರು ಕೆರೆದುಕೊಳ್ಳುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾರೋ ಕನ್ನಡಿ ಹಿಡಿದು ಬಿಡಿಸಿದಂತೆ ಎರಡು ಕಾಲಿನಲ್ಲೂ ಅವು ಒಂದೇ ಬಗೆಯಾಗಿ ಹರಡಿದ್ದವು. ಉಂಬಳಕ್ಕೆ ಅಂಥ ಶಿಸ್ತು ಎಲ್ಲಿಂದ ಬರಬೇಕು? ಮಳೆಗಾಲ, ತೋಟ, ಕಾಲು ಎಂಬ ಮೂರು ಸಂಗತಿಗಳು ಕೂಡಿದ ಕೂಡಲೇ ನನ್ನ ಬಾಯಿಗೆ ಉಂಬಳ ಎಂಬ ಉತ್ತರ ತಾನಾಗಿ ಬಂದಿತ್ತು. ಪೇಟೆಯಲ್ಲಿ ಬೆಳೆದ ಯಾರಾದರೂ ಆ ಜಗಲಿಯ ಮೇಲಿದ್ದಿದ್ದರೆ ಬಹುಶಃ ಗಾಬರಿಯಾಗಿ ಅಂದೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು.

ಮುಂದಿನ ಮೂರು ದಿನಗಳಲ್ಲಿ ಮೊಣಕಾಲು, ಪಾದದ ಗಂಟುಗಳು ಬಾತುಕೊಂಡವು. ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ಬಂತು. ಅದರ ಬೆನ್ನಿಗೆ ಮಲ ಡಾಂಬರಿನಂತೆ ಕಪ್ಪಗೆ ಹೋಗತೊಡಗಿದಾಗ, ನೋವಿನ ಗುಳಿಗೆ ಹೊಟ್ಟೆಯನ್ನು ಸುಟ್ಟಿತೆಂದು ಎಲ್ಲರೂ ನಿರ್ಧರಿಸಿದರು. ಅದು ತೀರ ತಪ್ಪು ಊಹೆಯೇನಲ್ಲ, ಅಂಥ ಗುಳಿಗೆಗಳು ಜಠರದಲ್ಲಿ ಹುಣ್ಣು ಮಾಡಿ ರಕ್ತ ಸುರಿಸುವುದುಂಟು. ಆದರೆ ಗುಳಿಗೆ ಬರುವ ಒಂಬತ್ತು ದಿನ ಮೊದಲೇ ಹೊಟ್ಟೆ ಹಿಂಡುತ್ತಿತ್ತಲ್ಲ! ಹೊಟ್ಟೆಗೆ ಒಂದು ಕಾರಣ, ಕಾಲಿನ ಚುಕ್ಕೆಗೆ ಒಂದು, ಗಂಟಿಗೆ ಒಂದು, ಮಲಕ್ಕೆ ಇನ್ನೊಂದು. ಪ್ರತಿಯೊಂದಕ್ಕೂ ನಂಬುವಂಥ ಬೇರೆ ಬೇರೆ ಕಾರಣ ಸಿಕ್ಕಿದ್ದರಿಂದಲೇ ಅವೆಲ್ಲವೂ ಒಂದೇ ಇರಬಹುದೆಂಬ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಚಹಾದ ಲೋಟ

ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಕರೆತಂದಾಗ ಮೊದಲು ನಡೆದದ್ದು ಎಂಡೋಸ್ಕೋಪಿ. ಜಠರ ಚೆನ್ನಾಗಿಯೇ ಇತ್ತು. ಜಠರವನ್ನು ದಾಟಿ ಸಣ್ಣ ಕರುಳು ಶುರುವಾಗುವ ಡ್ಯುವೊಡಿನಮ್‌ನಲ್ಲಿ, ಅದರಲ್ಲೂ ಅದು ಕೆಳಕ್ಕೆ ಇಳಿಯುವ ಎರಡನೆಯ ಭಾಗದಲ್ಲಿ, ಕೆಂಪಗೆ ಊದಿದ ಪೊರೆ, ರಕ್ತದ ಚುಕ್ಕೆಗಳು, ಅಲ್ಲಲ್ಲಿ ಸಣ್ಣ ಹುಣ್ಣುಗಳು ಕಂಡವು. ಸಾಮಾನ್ಯವಾದ ಆಮ್ಲದ ಹುಣ್ಣು ಡ್ಯುವೊಡಿನಮ್‌ನ ಆರಂಭದಲ್ಲೇ ಏಳುವುದು ಹೆಚ್ಚು. ಮೊದಲ ಭಾಗಕ್ಕಿಂತ ಎರಡನೆಯ ಭಾಗ ಹೆಚ್ಚು ಕೆಟ್ಟಿದ್ದರೆ ಬೇರೇನನ್ನಾದರೂ ಯೋಚಿಸಬೇಕು ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ಅಂದಿನ ವರದಿಯಲ್ಲಿ ‘ಡ್ಯುವೊಡಿನೈಟಿಸ್’, ಅಂದರೆ ಡ್ಯುವೊಡಿನಮ್ ಊದಿದೆ, ಎಂದಷ್ಟೇ ಇತ್ತು. ಸಂಜೆ ನೋವು ಬಲಬದಿಯ ಕೆಳಹೊಟ್ಟೆಗೂ ಹರಡಿದಾಗ ಅಪೆಂಡಿಕ್ಸ್ ಇರಬಹುದೇ ಎಂದು ಶಸ್ತ್ರಚಿಕಿತ್ಸಕರನ್ನು ಕರೆಸುವ ಮಾತು ಬಂತು.

ಆ ರಾತ್ರಿ ಪಾಳಿಯಲ್ಲಿದ್ದವರು ಚಿಕ್ಕ ವಯಸ್ಸಿನ ಒಬ್ಬ ವೈದ್ಯೆ. ಹೊಟ್ಟೆ ಮುಟ್ಟಿ ನೋಡಿದ ಮೇಲೆ ಅವರು ಹೊದಿಕೆಯನ್ನು ಪೂರ್ತಿ ಸರಿಸಿ ಕಾಲು ನೋಡಿದರು. ಮಂಗನ ಕಾಯಿಲೆ ಇರಬಹುದೇ ಎಂದು ನಾನು ಮೆಲ್ಲನೆ ಕೇಳಿದೆ. ಶಿವಮೊಗ್ಗ ಜಿಲ್ಲೆಯವರ ಮನಸ್ಸಿನಲ್ಲಿ ಈ ಪ್ರಶ್ನೆ ಸದಾ ತುದಿಗಾಲಿನಲ್ಲಿ ನಿಂತಿರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು, ಹೆಸರೇ ನಮ್ಮ ಊರಿನದು. ‘ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಉಣುಗು ಹೆಚ್ಚಿರುವಾಗ. ಇವರಿಗೆ ಈಗ ಜ್ವರವೂ ಇಲ್ಲ’ ಎಂದರು ಅವರು. ಪಕ್ಕದ ಮೇಜಿನ ಮೇಲೆ ನಾನು ಚಹಾ ಕುಡಿದು ಇಟ್ಟಿದ್ದ ಗಾಜಿನ ಲೋಟವನ್ನು ತೆಗೆದುಕೊಂಡು, ತೊಳೆಸಿ, ಅದರ ತಳವನ್ನು ಚುಕ್ಕೆಗಳ ಮೇಲೆ ಒತ್ತಿ ಹಿಡಿದರು. ಗಾಜಿನ ಮೂಲಕ ನೇರಳೆ ಚುಕ್ಕೆಗಳು ಹಾಗೆಯೇ ಕಾಣುತ್ತಿದ್ದವು. ಬರೀ ರಕ್ತನಾಳ ಹಿಗ್ಗಿ ಕೆಂಪಾದದ್ದಾದರೆ ಒತ್ತಿದಾಗ ಬಣ್ಣ ಮಾಯವಾಗಬೇಕು; ಮಾಯವಾಗದಿದ್ದರೆ ರಕ್ತ ನಾಳದಿಂದ ಹೊರಕ್ಕೆ ಬಂದು ಚರ್ಮದೊಳಗೆ ನಿಂತಿದೆ ಎಂದರ್ಥ. ನಂತರ ನನ್ನ ಬೆರಳು ಹಿಡಿದು ಮಾವನ ಕಣಕಾಲಿನ ಮೇಲೆ ಆಡಿಸಿದರು. ಚುಕ್ಕೆಗಳು ಬೆರಳಿಗೆ ತಾಗುತ್ತಿದ್ದವು, ಚರ್ಮದಿಂದ ತುಸು ಮೇಲೆದ್ದಿದ್ದವು. ಡೆಂಗಿಯಲ್ಲಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾದಾಗ ಬರುವ ಚುಕ್ಕೆಗಳು ಸಾಮಾನ್ಯವಾಗಿ ಹೀಗೆ ಕೈಗೆ ಸಿಗುವುದಿಲ್ಲವಂತೆ. ಮಾವನ ಪ್ಲೇಟ್‌ಲೆಟ್ ಲೆಕ್ಕ ಸರಿಯಾಗಿಯೇ ಇತ್ತು. ಅದನ್ನು ನೋಡಿ ನಾವೆಲ್ಲ ಬೆಳಿಗ್ಗೆ ಸಮಾಧಾನಪಟ್ಟುಕೊಂಡಿದ್ದೆವು. ಪ್ಲೇಟ್‌ಲೆಟ್ ಸರಿಯಿದ್ದೂ ರಕ್ತ ಏಕೆ ಹೊರಗೆ ಬಂತು ಎಂದು ಕೇಳಿದವರು ಆಕೆಯೊಬ್ಬರೇ.

ಆಮೇಲೆ ಅವರು ಕೇಳಿದ ಪ್ರಶ್ನೆಗಳಲ್ಲಿ ‘ಎಂತ ತಿಂದಿರಿ’ ಎಂಬುದು ಇರಲಿಲ್ಲ. ಉಂಡ ಎಷ್ಟು ಹೊತ್ತಿಗೆ ನೋವು ಬರುತ್ತದೆ? ಮೊದಲು ಬಂದದ್ದು ಹೊಟ್ಟೆನೋವೋ, ಚುಕ್ಕೆಯೋ? ತಿಂಗಳೊಳಗೆ ಗಂಟಲುನೋವು, ಶೀತ ಆಗಿತ್ತೇ? ಮೂತ್ರದ ಬಣ್ಣ ಹೇಗಿದೆ, ನೊರೆ ಬರುತ್ತದೆಯೇ? ಮಾವ ಒಂದೊಂದಕ್ಕೂ ನಿಧಾನವಾಗಿ ಉತ್ತರಿಸಿದರು. ಮರುದಿನ ಸಿ.ಟಿ. ಸ್ಕ್ಯಾನಿನಲ್ಲಿ ಅಪೆಂಡಿಕ್ಸ್ ಸರಿಯಾಗಿತ್ತು, ಸಣ್ಣ ಕರುಳಿನ ಗೋಡೆ ಹಲವು ಕಡೆ ದಪ್ಪಗಾಗಿತ್ತು. ಮೂತ್ರದಲ್ಲಿ ರಕ್ತಕಣಗಳೂ ಪ್ರೋಟೀನೂ ಇದ್ದವು. ಆ ದಿನವೇ ಎದ್ದ ಹೊಸ ಚುಕ್ಕೆಯೊಂದರಿಂದ ಚರ್ಮದ ತುಣುಕು ತೆಗೆದು ಬಯಾಪ್ಸಿಗೆ ಕಳುಹಿಸಿದರು. ಹಳೆಯ ಚುಕ್ಕೆಯಲ್ಲಿ ಹುಡುಕುವ ವಸ್ತು ಅಷ್ಟರಲ್ಲಿ ಕರಗಿಹೋಗಿರಬಹುದು. ವರದಿ ಬಂದಾಗ ಕಾಯಿಲೆಗೆ ಹೆಸರೂ ಬಂತು: ಐಜಿಎ ವಾಸ್ಕುಲೈಟಿಸ್, ಸಣ್ಣ ರಕ್ತನಾಳಗಳ ಉರಿಯೂತ.

ಉಂಡ ಮೇಲೆ ಏಕೆ?

‘ಉರಿಯೂತ’ ಎಂಬ ಪದವನ್ನು ನಾನು ಅಲ್ಲಿಯವರೆಗೆ ಪಠ್ಯಪುಸ್ತಕದ ಒಣ ಪದವೆಂದೇ ತಿಳಿದಿದ್ದೆ. ಬಿಡಿಸಿ ನೋಡಿದರೆ ಉರಿ ಮತ್ತು ಊತ. ನಾಳದ ಗೋಡೆಗೆ ಆಗುವುದು ಅದೇ. ಗಂಟಲಿನ ಸೋಂಕಿನಂಥದ್ದೇನೋ ಕೆಣಕಿದ ಮೇಲೆ, ದೇಹದ ರಕ್ಷಣೆಗೆಂದು ಇರುವ ಐಜಿಎ ಎಂಬ ಪ್ರೋಟೀನು ಗಂಟುಗಂಟಾಗಿ ರಕ್ತದಲ್ಲಿ ಹರಿದು ಅತಿ ಸಣ್ಣ ನಾಳಗಳ ಗೋಡೆಯಲ್ಲಿ ಕೂರುತ್ತದೆ. ಬಿಳಿ ರಕ್ತಕಣಗಳು ಅಲ್ಲಿಗೆ ದಾಳಿಯಿಡುತ್ತವೆ, ಗೋಡೆ ಊದುತ್ತದೆ, ಸೋರುತ್ತದೆ. ಚರ್ಮದಲ್ಲಿ ಸೋರಿದರೆ ನೇರಳೆ ಚುಕ್ಕೆ, ಕರುಳಿನಲ್ಲಿ ಸೋರಿದರೆ ಊದಿಕೊಂಡ ಕರುಳಿನ ಗೋಡೆ, ನುಲಿತ, ವಾಂತಿ, ಕಪ್ಪು ಅಥವಾ ಕೆಂಪು ಮಲ. ಮಾವನ ಕಾಲಿನ ಮೇಲೆ ಕಂಡದ್ದೂ ಎಂಡೋಸ್ಕೋಪಿಯ ಚಿತ್ರದಲ್ಲಿ ಕಂಡದ್ದೂ ಒಂದೇ ಚುಕ್ಕೆಗಳು, ಒಂದು ಹೊರಗೆ, ಇನ್ನೊಂದು ಒಳಗೆ. ಆ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಉಂಡ ಮೇಲೆಯೇ ನೋವು ಬರುವುದೇಕೆ ಎಂಬುದನ್ನು ಮಾವನಿಗೆ ವಿವರಿಸಲು ನಾನು ಅವರ ಮನೆಯ ಅಬ್ಬಿ ನೀರನ್ನೇ ಉಪಯೋಗಿಸಿಕೊಂಡೆ. ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ನೀರು ರಾತ್ರಿ ಒಂದು ನಲ್ಲಿಗೆ ಧಾರಾಳವಾಗಿ ಸಾಕು. ಪೈಪಿನೊಳಗೆ ಪಾಚಿ ಕಟ್ಟಿದ್ದರೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಕೊಟ್ಟಿಗೆ, ಬಚ್ಚಲು, ಅಡುಗೆಮನೆ ಎಲ್ಲ ಕಡೆಯೂ ನಲ್ಲಿ ತಿರುಗಿಸಿದಾಗಲೇ ಪಾಚಿಯ ಸಂಗತಿ ಬಯಲಾಗುವುದು. ಕರುಳಿಗೂ ಸುಮ್ಮನಿರುವಾಗ ಬೇಕಾದ ರಕ್ತ ಒಂದು ಅಳತೆ, ಊಟ ಬಿದ್ದು ಕೆಲಸ ಶುರುವಾದಾಗ ಬೇಕಾದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಊದಿದ ನಾಳಗಳು ಆ ಬೇಡಿಕೆಯನ್ನು ಪೂರೈಸಲಾರವು. ಹಾಗಾಗಿ ಪತ್ರೊಡೆ ತಿಂದರೂ ಅಷ್ಟೇ, ಗಂಜಿ ಕುಡಿದರೂ ಅಷ್ಟೇ, ಕರುಳಿಗೆ ಉಣ್ಣುವುದೇ ಭಾರ. ಇದನ್ನು ಕೇಳಿದ ಅತ್ತೆ, ‘ಹಾಗಾದರೆ ನನ್ನ ಕಳಲೆಯದು ಎಂತದೂ ತಪ್ಪಿರಲಿಲ್ಲ’ ಎಂದು ನನ್ನ ಅಮ್ಮನ ಮುಖ ನೋಡಿದರು.

ಈ ಕಾಯಿಲೆ ಬಹುಮಟ್ಟಿಗೆ ಮಕ್ಕಳದು. ನೂರಕ್ಕೆ ತೊಂಬತ್ತರಷ್ಟು ರೋಗಿಗಳು ಮಕ್ಕಳೇ ಆದ್ದರಿಂದ, ಮಗುವಿನ ಕಾಲಿನ ಮೇಲೆ ಇಂಥ ಚುಕ್ಕೆ ಕಂಡರೆ ಮಕ್ಕಳ ವೈದ್ಯರು ಬಾಗಿಲಲ್ಲೇ ಗುರುತಿಸುತ್ತಾರೆ. ಐವತ್ತು ದಾಟಿದ ಕೃಷಿಕನ ಹೊಟ್ಟೆನೋವಿನಲ್ಲಿ ಅದು ಯಾರ ನೆನಪಿಗೂ ಬರುವುದಿಲ್ಲ. 1802ರಲ್ಲಿ ಪ್ರಕಟವಾದ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್‌ನ ಟಿಪ್ಪಣಿಗಳಲ್ಲಿ ಹೊಟ್ಟೆನೋವು, ವಾಂತಿ, ಮಲಮೂತ್ರದಲ್ಲಿ ರಕ್ತ, ಕಾಲಿನಲ್ಲಿ ಚುಕ್ಕೆ ಇದ್ದ ಐದು ವರ್ಷದ ಹುಡುಗನೊಬ್ಬ ಬರುತ್ತಾನೆ. ಜರ್ಮನಿಯ ಷೋನ್‌ಲೈನ್ 1837ರಲ್ಲಿ ಚುಕ್ಕೆಗೂ ಗಂಟುನೋವಿಗೂ ನಂಟು ಹಾಕಿದ. ಅವನ ಶಿಷ್ಯ ಹೆನಾಕ್ 1874ರ ಬರಹದಲ್ಲಿ ಹೊಟ್ಟೆಯ ನುಲಿತವನ್ನೂ ರಕ್ತಭೇದಿಯನ್ನೂ ಅದಕ್ಕೆ ಸೇರಿಸಿದ. ಬಹುಕಾಲ ಅವರಿಬ್ಬರ ಹೆಸರಿನಲ್ಲೇ ಇದ್ದ ಕಾಯಿಲೆಗೆ ಐಜಿಎ ಹೆಸರು ನೆಲೆಯಾದದ್ದು 2012ರಲ್ಲಿ. ಚುಕ್ಕೆಗಳು ಮೊದಲು ಬಂದರೆ ಎಲ್ಲರ ಕೆಲಸ ಸುಲಭ. ಆದರೆ ಕೆಲವರಲ್ಲಿ ಹೊಟ್ಟೆನೋವೇ ಮೊದಲು ಬರುತ್ತದೆ, ಚುಕ್ಕೆಗಳು ಕೆಲವು ದಿನಗಳಿಂದ ಎರಡು ವಾರಗಳವರೆಗೆ ತಡವಾಗುತ್ತವೆ. ಆ ನಡುವಿನ ದಿನಗಳಲ್ಲಿ ಅಪೆಂಡಿಕ್ಸ್ ಎಂದು ಹೊಟ್ಟೆ ಕೊಯ್ಸಿಕೊಂಡವರೂ ಇದ್ದಾರೆ. ಹೀಗಾಗಿ ಪೇಟೆಯ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಅವರು ನೋಡಿದ ದಿನ ಮಾವನ ಕಾಲಿನಲ್ಲಿ ಚುಕ್ಕೆಗಳೇ ಇರಲಿಲ್ಲ. ಇದ್ದ ದಿನ ನೋಡಿದವನು ನಾನು.

ದರ್ಜಿಯ ಕಥೆ

ಮಾವ ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲಿ ಓದುತ್ತ ಹೋದಂತೆ, ಕರುಳನ್ನು ಕಾಡುವ ರಕ್ತನಾಳದ ಉರಿಯೂತ ಇದೊಂದೇ ಅಲ್ಲವೆಂದು ತಿಳಿಯಿತು. ಆ ಕುಟುಂಬದಲ್ಲಿ ಮಾವನಿಗೆ ಬಂದದ್ದು ಸಾಧು ಎನ್ನಬೇಕು. ಮಧ್ಯಮ ಗಾತ್ರದ ಅಪಧಮನಿಗಳನ್ನು ಹಿಡಿಯುವ ಪಾಲಿಆರ್ಟರೈಟಿಸ್ ನೋಡೋಸಾ ಎಂಬುದೊಂದಿದೆ. 1866ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಅಡಾಲ್ಫ್ ಕುಸ್ಮಾಲ್ ಮತ್ತು ರುಡಾಲ್ಫ್ ಮೈಯರ್ ಅದನ್ನು ವರ್ಣಿಸಿದರು. ರೋಗಿ 27 ವರ್ಷದ ಒಬ್ಬ ದರ್ಜಿ. ಹೊಟ್ಟೆನೋವು, ಬಲಗುಂದುತ್ತ ಹೋದ ಕೈಕಾಲು, ಕೆಟ್ಟ ಮೂತ್ರಪಿಂಡ. ಅವನು ಸತ್ತ ಮೇಲೆ ದೇಹವನ್ನು ತೆರೆದು ನೋಡಿದಾಗ ಅಪಧಮನಿಗಳ ಉದ್ದಕ್ಕೂ ಗಂಟುಗಳು ಕಂಡವು. ಎರಡು ವರ್ಷಗಳ ನಂತರ, 1868ರಲ್ಲಿ, ಇದೇ ಕುಸ್ಮಾಲ್ ಕತ್ತಿ ನುಂಗುವ ಆಟದವನೊಬ್ಬನ ಗಂಟಲಿನಲ್ಲಿ ನೇರವಾದ ಕೊಳವೆ ಇಳಿಸಿ ಜಠರದೊಳಗೆ ಇಣುಕಲು ಪ್ರಯತ್ನಿಸಿದ. ಇಂದಿನ ಎಂಡೋಸ್ಕೋಪಿಯ ಅಜ್ಜ ಅದು. ಅಂದು ಅವನಿಗೆ ಸಾಕಷ್ಟು ಬೆಳಕು ಸಿಗಲಿಲ್ಲ. ಹೊಟ್ಟೆಯ ನಾಳಗಳ ರೋಗವನ್ನು ವರ್ಣಿಸಿದವನೇ ಜೀವಂತ ಹೊಟ್ಟೆಯೊಳಗೆ ಇಣುಕಲು ಹಂಬಲಿಸಿದ್ದು ನನಗೆ ಕಾಕತಾಳೀಯವೆನ್ನಿಸುವುದಿಲ್ಲ. ಅದು ನನ್ನ ಕಲ್ಪನೆಯೂ ಇರಬಹುದು.

ದರ್ಜಿಯ ರೋಗದಲ್ಲಿ ಚರ್ಮದ ಮೇಲೆ ಸುಳಿವು ಸಿಗಲೇಬೇಕೆಂದಿಲ್ಲ. ಉಂಡ ಮೇಲೆ ನೋವು, ಉಣ್ಣಲು ಹೆದರಿ ಇಳಿಯುವ ತೂಕ, ಹಿಡಿತಕ್ಕೆ ಬಾರದ ರಕ್ತದೊತ್ತಡ, ಇದ್ದಕ್ಕಿದ್ದಂತೆ ಪಾದವೋ ಮಣಿಕಟ್ಟೋ ಜೋತುಬೀಳುವುದು, ಇವನ್ನೆಲ್ಲ ಯಾರಾದರೂ ಒಟ್ಟಿಗೆ ಕೇಳಿಸಿಕೊಳ್ಳಬೇಕು. ಕೆಲವರಲ್ಲಿ ಅದರ ಹಿಂದೆ ಹೆಪಟೈಟಿಸ್ ಬಿ ವೈರಸ್ ಇರುತ್ತದೆ, ಆದ್ದರಿಂದ ಆ ಪರೀಕ್ಷೆ ಮಾಡಿಸದೆ ಚಿಕಿತ್ಸೆ ಶುರುಮಾಡುವುದಿಲ್ಲ. ರಕ್ತ ಪೂರ್ತಿ ನಿಂತರೆ ಕರುಳಿನ ತುಂಡೇ ಸತ್ತು ತೂತಾಗಬಹುದು. ಆಗ ಹೊಟ್ಟೆ ಕಲ್ಲಿನಂತೆ ಬಿಗಿಯುತ್ತದೆ, ಶಸ್ತ್ರಚಿಕಿತ್ಸೆಯ ಹೊರತು ದಾರಿಯಿಲ್ಲ. ಬಾಯಲ್ಲಿ ಪದೇ ಪದೇ ಹುಣ್ಣಾಗುವ ಬೆಹ್ಚೆಟ್ ಕಾಯಿಲೆ ಸಣ್ಣ ಕರುಳೂ ದೊಡ್ಡ ಕರುಳೂ ಸೇರುವಲ್ಲಿ ಹುಣ್ಣು ಮಾಡುತ್ತದೆ. ಆಸ್ತಮಾ ಇದ್ದವರಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಏರಿ ಬರುವ ಬಗೆಯೂ ಒಂದಿದೆ. ಇವುಗಳಲ್ಲಿ ಯಾವುದೂ ಸಾಮಾನ್ಯವಲ್ಲ, ಹೊಟ್ಟೆ ನೋಯುವ ಸಾವಿರಾರು ಜನರಲ್ಲಿ ಹೆಚ್ಚಿನವರ ನೋವು ನಿಜವಾಗಿಯೂ ಊಟದ್ದೋ ಆಮ್ಲದ್ದೋ ಆಗಿರುತ್ತದೆ.

ಬಸ್ಸಿನಲ್ಲಿ ಬರುವ ಬಾಟಲಿ

ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಶುರುವಾದ ಮೂರನೆಯ ದಿನ ಮಾವ ಅನ್ನ ಕೇಳಿದರು. ಈ ಔಷಧದ ಬಗ್ಗೆ ನಮ್ಮೂರಿನಲ್ಲಿ ಎರಡೇ ಅಭಿಪ್ರಾಯ: ಒಂದು, ಅದು ವಿಷ, ಇನ್ನೊಂದು, ಯಾವ ನೋವಿಗೂ ಅದೊಂದು ಇಂಜೆಕ್ಷನ್ ಸಾಕು. ಎರಡನ್ನೂ ನಂಬುವ ಒಬ್ಬರೇ ವ್ಯಕ್ತಿಯೂ ನಮ್ಮ ಮನೆಯಲ್ಲಿದ್ದಾರೆ. ಕೊಡುವ ಮೊದಲು ವೈದ್ಯರು ಸೋಂಕಿಲ್ಲವೆಂದೂ ಕರುಳು ತೂತಾಗಿಲ್ಲವೆಂದೂ ಖಚಿತಪಡಿಸಿಕೊಂಡರು, ಏಕೆಂದರೆ ತೂತಾದ ಹೊಟ್ಟೆಯ ನೋವನ್ನೂ ಸ್ಟೀರಾಯ್ಡ್ ಮರೆಮಾಚಿಬಿಡಬಲ್ಲದು. ಹೊಟ್ಟೆಯ ನುಲಿತಕ್ಕೆ ಅದು ಬೇಗ ಆರಾಮ ಕೊಡುತ್ತದೆ. ಮೂತ್ರಪಿಂಡವನ್ನು ಕಾಯುತ್ತದೆಂಬ ಭರವಸೆಯನ್ನು ಮಾತ್ರ ಅವರು ಕೊಡಲಿಲ್ಲ. ದೊಡ್ಡವರಲ್ಲಿ ಈ ಕಾಯಿಲೆ ಮಕ್ಕಳಲ್ಲಿಗಿಂತ ಕೆಟ್ಟದಾಗಿ ನಡೆದುಕೊಳ್ಳುವುದು ಅಲ್ಲಿಯೇ. ಹೊಟ್ಟೆ ಸುಮ್ಮನಾಗಿ, ಚುಕ್ಕೆಗಳು ಕಂದಿ, ಎಲ್ಲರೂ ಮರೆತ ಮೇಲೆ ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುತ್ತ ಹೋಗಬಹುದು. ಅದಕ್ಕೆ ನೋವೇ ಇಲ್ಲ, ‘ಎಂತ ತಿಂದೆ’ ಎಂದು ಕೇಳುವುದಕ್ಕೂ ಅವಕಾಶವಿಲ್ಲ.

ಹೀಗೆ ಬೆಳಗಿನ ಮೊದಲ ಮೂತ್ರ ತುಂಬಿದ ಪುಟ್ಟ ಬಾಟಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಟ್ಟೆಯ ಚೀಲದಲ್ಲಿ ಭದ್ರವಾಗಿ ಕುಳಿತು, ತಿಂಗಳಿಗೊಮ್ಮೆ ಮೊದಲ ಬಸ್ಸಿನಲ್ಲಿ ಹೊಸನಗರದ ಪೇಟೆಗೆ ಬರತೊಡಗಿತು. ಜೊತೆಗೆ ರಕ್ತದೊತ್ತಡದ ಅಳತೆ, ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ. ಕೊನೆ ಕೊಯ್ಲಿನ ಗಡಿಬಿಡಿಯಲ್ಲಿಯೂ ಮಾವ ಅದನ್ನು ತಪ್ಪಿಸಲಿಲ್ಲ. ಪ್ರೋಟೀನು ನಿಧಾನವಾಗಿ ಇಳಿಯಿತು, ಒಂದು ಸಲ ಮತ್ತೆ ಏರಿ ಹೆದರಿಸಿತು, ಮತ್ತೆ ಇಳಿಯಿತು. ಮೂತ್ರಪಿಂಡಕ್ಕೆ ಒಳ್ಳೆಯದೆಂದು ಕೊಟ್ಟ ರಕ್ತದೊತ್ತಡದ ಗುಳಿಗೆ ಇನ್ನೂ ನಡೆದಿದೆ. ಈಗ ಬಾಟಲಿ ಬರುವುದು ಆರು ತಿಂಗಳಿಗೊಮ್ಮೆ. ವರದಿಯಲ್ಲಿ ಯಾವ ಸಾಲು ನೋಡಬೇಕೆಂಬುದು ಅವರಿಗೆ ಬಾಯಿಪಾಠವಾಗಿದೆ.

ಈ ಸಲದ ಆಶ್ಲೇಷ ಮಳೆಗೆ ಮತ್ತೆ ಹೋಗಿದ್ದೆ. ಮಧ್ಯಾಹ್ನ ಕಳಲೆ ಪಲ್ಯವಿತ್ತು. ಮಾವ ಒಂದು ಸಲ ಹಾಕಿಸಿಕೊಂಡರು, ಎರಡನೆಯ ಸಲಕ್ಕೆ ಎಂದಿನಂತೆ ಕೈ ಅಡ್ಡ ಹಿಡಿದರು. ಸಂಜೆ ಅವರ ಜೊತೆ ತೋಟ ಸುತ್ತಿ ಬಂದು ಜಗಲಿಯಲ್ಲಿ ಕುಳಿತಾಗ ನನ್ನ ಬಲಗಾಲಿನ ಹಿಮ್ಮಡಿಯ ಮೇಲೆ ರಕ್ತ ಇಳಿಯುತ್ತಿತ್ತು. ಉಂಬಳ ಇನ್ನೂ ಅಂಟಿಕೊಂಡಿತ್ತು. ಮಾವ ಎಲೆಯಡಿಕೆಯ ತಟ್ಟೆಯಿಂದ ಕಡ್ಡಿಯಲ್ಲಿ ಸುಣ್ಣ ತೆಗೆದು ಅದಕ್ಕೆ ತಾಗಿಸಿದರು, ಅದು ಸುರುಟಿಕೊಂಡು ಉದುರಿತು. ಆಮೇಲೆ, ‘ಆ ಕಾಲು ಇತ್ತ ತಾ’ ಎಂದು ಹೇಳಿ, ಟಾರ್ಚ್ ಹಾಕಿ, ನನ್ನ ಎಡಗಾಲನ್ನೂ ಮೊಣಕಾಲಿನವರೆಗೆ ನೋಡಿದರು.